ಟೊಮೆಟೊ ಬೇರಿನ ಗಂಟು ಎರೆಹುಳುವಿನ ಕೆಲಸವಲ್ಲ

‘ಟೊಮೆಟೊ ಬೇರಲ್ಲಿ ಗಂಟು ಕಂಡರೆ ಹೆದರಬೇಡಿ. ಅದು ಎರೆಹುಳುವಿನ ಮರಿ ಮಾಡಿದ್ದು, ಕಡಲೆಕಾಯಿ ಬೇರಿನ ಗಂಟಿನ ಹಾಗೆ ಗೊಬ್ಬರ ಕೊಡುತ್ತೆ.’ ಕೋಲಾರದ ಕಡೆ ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಈ ಮೆಸೇಜ್ ಪೂರ್ತಿ ತಪ್ಪು.

ಗಂಟು ಮಾಡುವುದು ಮೆಲಾಯ್ಡೊಗೈನ್ ಎಂಬ ಜಂತುಹುಳು. ಅಂಗಡಿಯಲ್ಲಿ ನೆಮಟೋಡ್ ಅಂತಾರಲ್ಲ, ಅದೇ. ಎರೆಹುಳುವಿಗೂ ಇದಕ್ಕೂ ನಂಟೇ ಇಲ್ಲ. ಎರೆಹುಳುವಿನ ಮೈ ಉಂಗುರ ಉಂಗುರ, ಒಳಗೆ ರಕ್ತನಾಳಗಳಿವೆ. ಜಂತುಹುಳುವಿಗೆ ಆ ಉಂಗುರಗಳಿಲ್ಲ, ರಕ್ತನಾಳವೂ ಇಲ್ಲ, ಉಸಿರಾಟದ ಅಂಗವೂ ಇಲ್ಲ. ಅದು ಬೆಳೆಯುತ್ತಾ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಗುಣ ನೋಡಿದರೆ ಅದು ಎರೆಹುಳುವಿಗಿಂತ ಕೀಟಗಳಿಗೇ ಹತ್ತಿರ!

ಅನುಮಾನವಿದ್ದರೆ ಒಂದು ಬೇರು ತೊಳೆದು, ಗಂಟನ್ನು ಬ್ಲೇಡಿನಿಂದ ಸೀಳಿ, ಭೂತಗನ್ನಡಿಯಲ್ಲಿ ನೋಡಿ. ಒಂದು ಮಿಲಿಮೀಟರ್‌ಗೂ ಚಿಕ್ಕದಾದ ಬಿಳಿ ಚುಕ್ಕೆ ಕಾಣಬಹುದು. ಅದೇ ಹೆಣ್ಣು ಹುಳು. ಸಣ್ಣ ಕತ್ತು, ಗುಂಡು ಹೊಟ್ಟೆ, ಪುಟ್ಟ ಹೂಜಿಯ ಹಾಗೆ. ಗಂಡು ಮಾತ್ರ ದಾರದಷ್ಟು ತೆಳ್ಳಗೆ, ಉದ್ದಕ್ಕೆ ಇರುತ್ತದೆ. ಹೆಣ್ಣಿನ ಬಾಯಲ್ಲಿ ಟೊಳ್ಳು ಸೂಜಿ ಇದೆ. ಅದನ್ನು ಬೇರಿಗೆ ಚುಚ್ಚಿ, ಕೂತಲ್ಲೇ ಸಾರ ಹೀರಿ, ಅಂಟಿನ ಮುದ್ದೆಯೊಳಗೆ ನೂರಾರು ಮೊಟ್ಟೆ ಇಡುತ್ತದೆ. ಜಾತಿ ಗುರುತಿಸುವವರು ಅದರ ಹಿಂಭಾಗದ ಗೆರೆಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ.

ಕಡಲೆಕಾಯಿಯದು ಬೇರೆ ಕಥೆ. ಅಲ್ಲಿರುವುದು ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರವಾಗಿಸುವ ರೈಜೋಬಿಯಂ ಬ್ಯಾಕ್ಟೀರಿಯಾ. ಆ ಗಂಟು ಬೇರಿನ ಪಕ್ಕಕ್ಕೆ ಅಂಟಿರುತ್ತದೆ, ಬೆರಳಲ್ಲಿ ಉಜ್ಜಿದರೆ ಉದುರುತ್ತದೆ. ಟೊಮೆಟೊದಲ್ಲಿ ಬೇರಿನ ಮೈಯೇ ಊದಿಕೊಳ್ಳುತ್ತದೆ, ಗಂಟು ಕಿತ್ತರೆ ಬೇರೂ ಹರಿಯುತ್ತದೆ.

ಗಂಟು ಬಿದ್ದ ಬೇರನ್ನು ಸುಮ್ನೆ ತಿಪ್ಪೆಗೆ ಎಸೆಯಬೇಡಿ, ಒಣಗಿಸಿ ಸುಡಿ. ಹಿಪ್ಪುನೇರಳೆಯನ್ನೂ ಈ ಹುಳು ಬಿಡುವುದಿಲ್ಲ. ಹಾಗಾಗಿ ಅದೇ ಜಾಗದಲ್ಲಿ ಹಿಪ್ಪುನೇರಳೆ ನೆಡುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ.