ರಾಜ್ಯೋತ್ಸವಕ್ಕೆ ಕೊಂಡಪಲ್ಲಿ ಆನೆ

ಕಳೆದ ನವೆಂಬರಿನಲ್ಲಿ ವಿಜಯವಾಡದ ನಾಲ್ಕಾರು ಕನ್ನಡದ ಮನೆಯವರು ಸೇರಿ ರಾಜ್ಯೋತ್ಸವ ಮಾಡಿದೆವು. ಅತಿಥಿಗಳಿಗೆ ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದ ಮರದ ಗೊಂಬೆಯನ್ನೇ ಕೊಡಬೇಕೆಂದು ಹಟ ಹಿಡಿದವನು ನಾನು, ಕೊಪ್ಪಳದವನಲ್ಲವೇ. ಕೊನೆಗೆ ಕೊಟ್ಟದ್ದು ವಿಜಯವಾಡದ ಪಕ್ಕದ ಗೊಂಬೆಯೂರು ಕೊಂಡಪಲ್ಲಿಯ ಅಂಬಾರಿ ಆನೆ. ಭುವನೇಶ್ವರಿ ಫೋಟೊದ ಮುಂದೆ ಆಂಧ್ರದ ಆನೆಗಳ ಸಾಲು! "ನಿಮ್ಮ ಕಡೆಯೂ ಇಂಥವು ಮಾಡ್ತಾರಾ?" ಅಂತ ತೆಲುಗು ಅತಿಥಿಯೊಬ್ಬರು ಕೇಳಿದಾಗ ಮೈ ಉರಿದುಹೋಯಿತು.

ಕಿನ್ನಾಳದಲ್ಲಿ ಗೊಂಬೆ ಮಾಡುವ ಒಂದು ಚಿತ್ರಗಾರರ ಮನೆಗೆ ಗಣಪತಿ ಹಬ್ಬಕ್ಕೆ ಮೊದಲೇ ಫೋನ್ ಮಾಡಿದ್ದೆ. "ಮಾಡೂಣ್ರಿ ಸರ, ಹಬ್ಬ ಮುಗೀಲಿ" ಅಂದರು. ಬೆಲೆ ಕೇಳಿದರೆ "ನಿಮಗೇನ್ ಹೆಚ್ಚ ಹೇಳ್ತೀವೇನ್ರಿ?" ದಸರೆಗೆ ಮತ್ತೆ ಕೇಳಿದೆ. "ದ್ಯಾಮವ್ವ ಬಣ್ಣಕ್ಕ ಬಂದಾಳ್ರಿ, ಆಕಿ ಹೋಗಲಿ." ಅಂದರೆ ಯಾವುದೋ ಊರಿನ ಗ್ರಾಮದೇವತೆಯ ಮೂರ್ತಿ ಬಣ್ಣಕ್ಕೆ ಬಂದಿದೆ. ಫೋನಿದೆ, ವಾಟ್ಸಾಪಿದೆ, ಗೋಡೆಗೆ ಕ್ಯೂಆರ್ ಹಾಳೆಯೂ ಅಂಟಿದೆ. ಇಲ್ಲದ್ದು ಒಂದು ಬೆಲೆ, ಒಂದು ತಾರೀಖು.

ಕೊಂಡಪಲ್ಲಿಯಲ್ಲೂ ಕೆಲಸ ಹೆಚ್ಚುಕಡಿಮೆ ನಮ್ಮದೇ. ಗೊಂಬೆಗೆ ತೆಲ್ಲ ಪೊಣಿಕಿ ಅನ್ನುವ ಹಗುರ ಮರ. ಹುಣಸೆಬೀಜದ ಅಂಟು, ಮರದ ಹೊಟ್ಟು ಕಲಸಿದರೆ ಅದಕ್ಕೆ ಮೆತ್ತುವ ಮಕ್ಕು. ನಮ್ಮವರು ಅದಕ್ಕೆ ನೆನೆಸಿ ಪುಡಿಮಾಡಿದ ಗೋಣಿ ಚಿಂದಿ ಸೇರಿಸಿ ಕಿಟ್ಟ ಮಾಡುತ್ತಾರೆ. ಇದು ಈ ಊರಿನದೇ ಕಸುಬು ಅನ್ನುವ ಜಿಐ ಮಾನ್ಯತೆ ಇಬ್ಬರಿಗೂ ಇದೆ. ನಾನು ಬೆರಗಾದದ್ದು ದುಡ್ಡು ಕೊಡುವಾಗ. ಜಗಲಿಯಲ್ಲಿ ಒಬ್ಬಾಕೆ ಕಾಲು ಚಾಚಿ ಕೂತು ಆನೆಯ ಅಂಚಿಗೆ ಹಳದಿ ಗೆರೆ ಎಳೆಯುತ್ತಿದ್ದರು. ಬಣ್ಣದ ಬಟ್ಟಲಿನ ಪಕ್ಕ ಒಂದು ಕ್ಯೂಆರ್ ರಟ್ಟು. ಅಂಗಡಿಯಾತ ತನ್ನ ಪಾಲಷ್ಟೇ ತಗೊಂಡು, "ಬಣ್ಣದ ಕೂಲಿ ಆಕೆಯದು, ಆಕೆಗೇ ಹಾಕಿ" ಅಂದ. ಹಾಕಿದೆ. ಆಕೆ ಕುಂಚ ಬಾಯಲ್ಲಿ ಕಚ್ಚಿಕೊಂಡು ಫೋನ್ ನೋಡಿ ತಲೆಯಾಡಿಸಿದರು.

ದೊಡ್ಡ ಕಂಪನಿಗಳು ಸಾಮಾಜಿಕ ಜವಾಬ್ದಾರಿ ಅಂತ ಹೊಳೆಯುವ ಕಾಗದದಲ್ಲಿ ವರದಿ ಅಚ್ಚು ಹಾಕಿಸುತ್ತವೆ. ನನ್ನ ಕಣ್ಣಿಗೆ ಬಣ್ಣದಾಕೆಯ ಆ ಕ್ಯೂಆರ್ ರಟ್ಟು ಅದಕ್ಕಿಂತ ಮೇಲು. ಯುಪಿಐ ಬಂದದ್ದು 2016ರಲ್ಲಿ, ಎಲ್ಲರಿಗೂ ಒಟ್ಟಿಗೇ. ನಮ್ಮ ಕಡೆ ಕಿಟ್ಟ ಅರೆಯುವ, ಉಜ್ಜುವ ಅಕ್ಕನ ಕೂಲಿ ಇನ್ನೂ ಯಜಮಾನರ ಜೇಬಿಗೇ ಹೋಗುತ್ತದೆ. ನಾನು ಕಂಡ ಮನೆಗಳಲ್ಲಂತೂ ಹೀಗೇ. ಅತ್ತ ಅದೇ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 2021ರಲ್ಲಿ ಆಟಿಕೆ ಕಾರ್ಖಾನೆಗಳ ಕ್ಲಸ್ಟರಿಗೆ ಅಡಿಗಲ್ಲು ಬಿತ್ತು. ಕಿನ್ನಾಳದ ಹುಡುಗರು ಅಲ್ಲಿ ಪಾಳಿ ಕೆಲಸಕ್ಕೆ ಹೊರಟರೆ ಯಾರನ್ನು ಬೈಯೋಣ?

ಇಷ್ಟೆಲ್ಲ ಹರಿಹಾಯ್ದ ಮೇಲೆ ನಮ್ಮ ಸೋದರಮಾವ ಒಂದು ಮಾತು ಹೇಳಿದರು, ನುಂಗಬೇಕಾಯಿತು. ಅವರೂರಿನ ದ್ಯಾಮವ್ವಗೆ ಬಣ್ಣ ಹಚ್ಚಿದ ಚಿತ್ರಗಾರರು, ಮಳೆ ಕೈಕೊಟ್ಟ ವರ್ಷ ಊರವರು ಕೊಟ್ಟ ಜೋಳ, ಒಂದು ಸೀರೆ ತಗೊಂಡು ಸುಮ್ಮನಾದರಂತೆ. ಉಳಿದದ್ದು ಮುಂದಿನ ಸುಗ್ಗಿಗೆ. ಬರೆದಿಟ್ಟವರಿಲ್ಲ, ಕೇಳಿದವರೂ ಇಲ್ಲ. ನನ್ನ ಆರ್ಡರ್ ಹಿಂದೆ ಬಿದ್ದದ್ದೂ ಇಂಥ ಒಬ್ಬ ದ್ಯಾಮವ್ವನಿಗಾಗಿಯೇ. ಮುಂಗಡ ಕೊಡುವ ಗಿರಾಕಿಯನ್ನು ಕಾಯಿಸಿ, ದುಡ್ಡಿಲ್ಲದ ಊರಿನ ತಾಯಿಗೆ ಮೊದಲು ಬಣ್ಣ ಹಚ್ಚುವುದೂ ಜವಾಬ್ದಾರಿಯೇ, ಒಪ್ಪಿದೆ.

ನಾನು ಫೋನ್ ಮಾಡಿದ್ದ ಕಿನ್ನಾಳದ ಮನೆಯ ಕಿರಿಮಗ ಈಗ ಗೊಂಬೆಗಳ ಫೋಟೊ ಇನ್‌ಸ್ಟಾಗ್ರಾಮಿಗೆ ಹಾಕಲು ಶುರುಮಾಡಿದ್ದಾನೆ. "ಗೊಂಬಿ ಹಾಕು, ತಾಯೀನ ಹಾಕಬ್ಯಾಡ" ಅಂತ ಅಪ್ಪನ ಅಪ್ಪಣೆ. ಅದಕ್ಕೆ ನನ್ನ ತಕರಾರಿಲ್ಲ. ಗಿಳಿಯ ಫೋಟೊದ ಕೆಳಗೆ "ಬೆಲೆಗೆ ಫೋನ್ ಮಾಡಿ" ಅಂತ ಬರೆದಿದ್ದಾನಲ್ಲ, ಅದಕ್ಕಿದೆ.