ನಾವಡರೂ ಜಾಕ್ಸನ್‌ವಿಲ್‌ನ ಆ ಹುಡುಗರೂ

ಪ್ರತಿ ವರ್ಷ ಅಕ್ಟೋಬರ್ 20ರ ಸಂಜೆ ಬಾಂದ್ರಾದ ನನ್ನ ಗೆಳೆಯ ಒಂದೇ ಒಂದು ಎಲ್‌ಪಿ ಹಾಕುತ್ತಾನೆ. ಮೊದಲ ಹಾಡಿನಿಂದ ಕೊನೆಯ ಹಾಡಿನ ತನಕ ಯಾರೂ ಮಾತಾಡುವ ಹಾಗಿಲ್ಲ. ಎಂಟು ಹಾಡು ಮುಗಿದ ಮೇಲೆ ಚಹಾ ಬರುತ್ತದೆ. ಆಮೇಲೆ 'ಅವರು ಇದ್ದಿದ್ದರೆ' ಅನ್ನುವ ಮಾತು ಶುರುವಾಗುತ್ತದೆ.

ಅದು ಅಮೆರಿಕದ ಲಿನರ್ಡ್ ಸ್ಕಿನರ್ಡ್ ಎಂಬ ರಾಕ್ ಬ್ಯಾಂಡಿನ ಎಲ್‌ಪಿ. ಫ್ಲಾರಿಡಾದ ಜಾಕ್ಸನ್‌ವಿಲ್ ಊರಿನ ಹುಡುಗರು ಕಟ್ಟಿದ ಬ್ಯಾಂಡ್. ಉದ್ದ ಕೂದಲು ಬಿಟ್ಟವರನ್ನು ಗದರುತ್ತಿದ್ದ ಶಾಲೆಯ ಪಿಟಿ ಮೇಷ್ಟ್ರ ಹೆಸರನ್ನೇ ತುಸು ತಿರುಚಿ ಬ್ಯಾಂಡಿಗೆ ಇಟ್ಟುಕೊಂಡಿದ್ದರು. 1977ರ ಅಕ್ಟೋಬರ್ 17ರಂದು ಅವರ ಐದನೇ ಸ್ಟುಡಿಯೋ ಆಲ್ಬಮ್ 'ಸ್ಟ್ರೀಟ್ ಸರ್ವೈವರ್ಸ್' ಹೊರಬಂತು. ಮೂರೇ ದಿನ. 20ರ ಸಂಜೆ ಸೌತ್ ಕ್ಯಾರೊಲಿನಾದ ಗ್ರೀನ್‌ವಿಲ್‌ನಿಂದ ಲೂಸಿಯಾನಾದ ಬ್ಯಾಟನ್ ರೂಜ್‌ಗೆ ಹೊರಟ ಅವರ ವಿಮಾನ ಮಿಸಿಸಿಪ್ಪಿಯ ಕಾಡಿನಲ್ಲಿ ಬಿತ್ತು. ಒಳಗಿದ್ದ 26 ಜನರಲ್ಲಿ ಆರು ಜನ ತೀರಿಕೊಂಡರು. ಮುಖ್ಯ ಗಾಯಕ ರಾನಿ ವ್ಯಾನ್ ಜ್ಯಾಂಟ್‌ಗೆ 29, ಗಿಟಾರ್ ನುಡಿಸುತ್ತಿದ್ದ ಸ್ಟೀವ್ ಗೇನ್ಸ್‌ಗೆ 28. ಸ್ಟೀವ್‌ನ ಅಕ್ಕ ಕ್ಯಾಸಿ ಹಿಮ್ಮೇಳದಲ್ಲಿ ಹಾಡುತ್ತಿದ್ದಳು. ಅವಳೂ ಹೋದಳು. ಆಲ್ಬಮ್‌ನ ಮುಖಪುಟದಲ್ಲಿ ಬ್ಯಾಂಡಿನವರ ಸುತ್ತ ಬೆಂಕಿ ಇತ್ತು. ಕಂಪನಿ ಆ ಚಿತ್ರವನ್ನು ತೆಗೆದು ಬೇರೆ ಹಾಕಿತು.

ನಾನು ಕುಂದಾಪುರ ಕಡೆಯವನು. ಮುಂಬೈಗೆ ಬಂದದ್ದು 1991ರಲ್ಲಿ. ಗಿಟಾರಿನ ಸದ್ದು ಕಿವಿಗೆ ಹತ್ತಿದ್ದು ಇಲ್ಲಿಗೆ ಬಂದ ಮೇಲೆಯೇ. ಕಾಲಾ ಘೋಡಾದ ರಿದಮ್ ಹೌಸ್‌ನಲ್ಲಿ ಈ ಗೆಳೆಯನೇ ನನಗೆ ಮೊದಲ ರಾಕ್ ಕ್ಯಾಸೆಟ್ ತೆಗೆಸಿಕೊಟ್ಟ. ಧೋಬಿ ತಲಾವ್‌ನ ರಂಗಭವನಕ್ಕೂ ಅವನೇ ಕರೆದುಕೊಂಡು ಹೋದ. ಅಲ್ಲಿ ತೆರೆದ ಆಕಾಶದ ಕೆಳಗೆ ಹುಡುಗರು ತಲೆ ಕೊಡವಿ ಕುಣಿಯುವುದನ್ನು ನೋಡಿ ನನಗೆ ನೆನಪಾದದ್ದು ನಮ್ಮೂರ ಗದ್ದೆಯಲ್ಲಿ ನಡೆಯುತ್ತಿದ್ದ ಯಕ್ಷಗಾನದ ಟೆಂಟ್ ಆಟ. ಚಂಡೆ ಏರುವಾಗ ನಾವೂ ಹೀಗೇ ಆಗುತ್ತಿದ್ದೆವು, ಅಲ್ವಾ?

ನನ್ನ ಪೆಟ್ಟಿಗೆಯಲ್ಲೂ ಹೀಗೆ ಅಕಾಲದಲ್ಲಿ ಹೋದ ಒಬ್ಬರ ಕ್ಯಾಸೆಟ್‌ಗಳಿದ್ದವು. ಗುಂಡ್ಮಿ ಕಾಳಿಂಗ ನಾವಡರದ್ದು. ಸಾಲಿಗ್ರಾಮ ಯಕ್ಷಗಾನ ಮೇಳದ ಭಾಗವತರು, ಅಂದರೆ ಹಾಡಿ ಆಟ ನಡೆಸುವವರು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ಹುಟ್ಟಿದ್ದು 1958ರಲ್ಲಿ, ಎಷ್ಟು ವಯಸ್ಸು ಎಂದು ನೀವೇ ಲೆಕ್ಕ ಹಾಕಿ. ಮಾಟುಂಗಾದ ಹೋಟೆಲೊಂದರ ಮೇಲಂತಸ್ತಿನಲ್ಲಿ ಹತ್ತು ಹನ್ನೆರಡು ಹುಡುಗರು ಚಾಪೆ ಹಾಸಿ ಮಲಗುತ್ತಿದ್ದ ಕಾಲ. ರಾತ್ರಿ ಪಾತ್ರೆ ತೊಳೆದು ಬಂದವರು ನಾವಡರ ಪದ ಹಾಕುತ್ತಿದ್ದರು. ಆ ಏರುಕಂಠ ಬಂತೆಂದರೆ ಕೆಳಗೆ ಹೋಗುವ ಲೋಕಲ್ ಟ್ರೇನಿನ ಸದ್ದೂ ಕೇಳುತ್ತಿರಲಿಲ್ಲ. ಹಿಂದುಸ್ತಾನಿ ರಾಗಗಳನ್ನು ಅವರು ಆಟದೊಳಗೆ ತಂದ ರೀತಿಗೆ ಹಳಬರು ಗೊಣಗಿದರು. ಹುಡುಗರು ಮಾತ್ರ ಟಿಕೆಟ್ ಕೊಂಡು ಬೆಳಗಿನ ತನಕ ಕೂತರು. ನಮಗೆ ಅವರೇ ರಾಕ್ ಸ್ಟಾರ್.

ಇಷ್ಟು ವರ್ಷ ಎರಡೂ ಕಡೆ ಕೂತು ಕೇಳಿದ ಮೇಲೆ, ಕಳೆದುಕೊಂಡವರನ್ನು ಇಟ್ಟುಕೊಳ್ಳುವ ರೀತಿ ಎಷ್ಟು ಬೇರೆ ಅಂತ ನನಗೆ ಅನಿಸುತ್ತದೆ. ಗೆಳೆಯನಿಗೆ ಬ್ಯಾಂಡ್ ಅಂದರೆ ಆ ಜನ. 1987ರಲ್ಲಿ ಉಳಿದವರು ಮತ್ತೆ ಒಟ್ಟು ಸೇರಿದರು. ರಾನಿಯ ತಮ್ಮ ಜಾನಿ ಅಣ್ಣನ ಜಾಗದಲ್ಲಿ ನಿಂತು ಹಾಡಿದ. ಗೆಳೆಯ ಅದನ್ನು ಕೇಳುವುದೇ ಇಲ್ಲ. ಅದು ಆ ಬ್ಯಾಂಡ್ ಅಲ್ಲ ಅನ್ನುತ್ತಾನೆ. ನಮ್ಮಲ್ಲಿ ಮೇಳ ನಿಲ್ಲುವುದಿಲ್ಲ. ನಾವಡರು ಹಿರಿಯ ಭಾಗವತ ನಾರ್ಣಪ್ಪ ಉಪ್ಪೂರರಿಂದ ಕಲಿತರು. ನಾವಡರ ಧಾಟಿಯನ್ನು ಅವರ ಮುಖವನ್ನೇ ನೋಡದ ಹುಡುಗರು ಇವತ್ತು ಹಾಡುತ್ತಾರೆ. ಅವರ ಜಾಗದಲ್ಲಿ ಇನ್ನೊಬ್ಬರು ಜಾಗಟೆ ಹಿಡಿದು ಕೂತರೆ ಯಾರೂ ಅದನ್ನು ದ್ರೋಹ ಅನ್ನುವುದಿಲ್ಲ. ಒಮ್ಮೆ ನಾವಡರ ಪದವನ್ನು ಗೆಳೆಯನಿಗೆ ಕೇಳಿಸಿದೆ. 'ಈಗ ಇದನ್ನು ಯಾರು ಹಾಡುತ್ತಾರೆ?' ಎಂದ. 'ಎಲ್ಲರೂ' ಅಂದೆ. ಅವನು ತುಂಬಾ ಹೊತ್ತು ಸುಮ್ನೆ ಕೂತ.

ಕಲೆಗೆ ನಮ್ಮ ದಾರಿಯೇ ಒಳ್ಳೆಯದು ಎಂದು ನಾನು ಈಗಲೂ ನಂಬುತ್ತೇನೆ. ಆದರೆ ಮನುಷ್ಯರ ವಿಷಯದಲ್ಲಿ ಅವನ ದಾರಿ ನಮಗಿಂತ ದೊಡ್ಡದು. ಸ್ಟೀವ್ ಗೇನ್ಸ್‌ನ ಮಾತನ್ನೇ ತೆಗೆದುಕೊಳ್ಳಿ. 1976ರಲ್ಲಷ್ಟೇ ಬ್ಯಾಂಡಿಗೆ ಸೇರಿದವನು, ಅಕ್ಕ ಹೇಳಿದಳು ಅಂತ ಅವನನ್ನು ಕರೆಸಿ ನೋಡಿದ್ದರು. ಒಂದೂವರೆ ವರ್ಷದಲ್ಲಿ ಆಲ್ಬಮ್‌ನ ಎಂಟು ಹಾಡುಗಳಲ್ಲಿ ನಾಲ್ಕರಲ್ಲಿ ಬರೆದವನಾಗಿ ಅವನ ಹೆಸರಿತ್ತು. ಒಂದನ್ನು ಅವನೇ ಹಾಡಿದ, ಇನ್ನೊಂದರಲ್ಲಿ ರಾನಿಯ ಜೊತೆ ಸರಿಸಮ ನಿಂತ. ಎಲ್ಲರೂ ರಾನಿ ಇದ್ದಿದ್ದರೆ ಎನ್ನುತ್ತಾರೆ. ರಾನಿ ಅಷ್ಟು ಹೊತ್ತಿಗೆ ಹೇಳಬೇಕಾದ್ದನ್ನು ಸಾಕಷ್ಟು ಹೇಳಿದ್ದ. ಸ್ಟೀವ್ ಇನ್ನೂ ಬಾಯಿ ತೆರೆಯುತ್ತಿದ್ದ. ಬ್ಯಾಂಡ್ ಎತ್ತ ಹೋಗುತ್ತಿತ್ತು ಎಂದು ತಿಳಿಯಬೇಕಾದರೆ ಅವನ ಗಿಟಾರ್ ಕೇಳಬೇಕು. ಅಮೆರಿಕದ ದಕ್ಷಿಣದ ಹಳೆಯ ಗಡಸು ರಾಕ್‌ನ ಒಳಗೆ ಅವನು ಹಗುರವಾದ, ಕುಣಿಯುವ ಬ್ಲೂಸ್ ತಂದಿದ್ದ. ನನಗೆ ಎದೆ ಹಿಂಡುವುದು ಅದು.

ಗೆಳೆಯನಿಗೆ ಆ ವಿಮಾನದಲ್ಲಿ ತೀರಿಕೊಂಡ ಆರೂ ಜನರ ಹೆಸರು ಗೊತ್ತು. ಬ್ಯಾಂಡಿನ ಓಡಾಟ ನೋಡಿಕೊಳ್ಳುತ್ತಿದ್ದ ಡೀನ್ ಕಿಲ್‌ಪ್ಯಾಟ್ರಿಕ್, ಇಬ್ಬರು ಪೈಲಟ್‌ಗಳು, ಎಲ್ಲರೂ. ನಮ್ಮ ಸಂಸ್ಮರಣೆ ಸಭೆಗಳಲ್ಲಿ ಶಾಲು, ಹಾರ, ಭಾಷಣ ಇರುತ್ತವೆ. ಮೇಳದ ಬಸ್ಸು ಓಡಿಸಿದವನ ಹೆಸರು, ಬಣ್ಣ ಹಚ್ಚುವ ಚೌಕಿಯಲ್ಲಿ ಪೆಟ್ಟಿಗೆ ಹೊತ್ತವನ ಹೆಸರು ಒಬ್ಬರ ಬಾಯಲ್ಲೂ ಬರುವುದಿಲ್ಲ.

ಇನ್ನೊಂದು ವಿಷಯ. ಅವರ ವಿಮಾನ ಬಿದ್ದದ್ದು ಇಂಧನ ಮುಗಿದು. ಸಿಡಿಲಲ್ಲ, ಬಿರುಗಾಳಿಯಲ್ಲ. ಅದೊಂದು ಹಳೆಯ ಕಾನ್ವೇರ್ ವಿಮಾನ. ಬಲಗಡೆ ಎಂಜಿನ್ ಸರಿಯಿರಲಿಲ್ಲ, ಜಾಸ್ತಿ ಇಂಧನ ಕುಡಿಯುತ್ತಿತ್ತು. ಎಷ್ಟು ಉಳಿದಿದೆ ಎಂದು ಪೈಲಟ್‌ಗಳು ಗಮನ ಕೊಡಲಿಲ್ಲ ಎಂದು ತನಿಖೆ ಹೇಳಿತು. ಅದಕ್ಕೆ ಮೊದಲೇ ಏರೋಸ್ಮಿತ್ ಬ್ಯಾಂಡಿನವರು ಅದೇ ವಿಮಾನ ನೋಡಿ ಬೇಡ ಅಂದಿದ್ದರು. ಇವರು ಹತ್ತಿದರು. ಮುಂದಿನ ಊರಲ್ಲಿ ಜನ ಕಾಯುತ್ತಿದ್ದರಲ್ಲ.

ಈ 'ಮುಂದಿನ ಊರು' ನಮಗೂ ಚೆನ್ನಾಗಿ ಗೊತ್ತು. ಊರಲ್ಲಿ ತಿರುಗಾಟ ಮುಗಿಸಿದ ಕಲಾವಿದರು ಮಳೆಗಾಲದಲ್ಲಿ ತಂಡ ಕಟ್ಟಿಕೊಂಡು ಮುಂಬೈಗೆ ಬರುತ್ತಾರೆ. ಇವತ್ತು ಮಾಟುಂಗಾ, ನಾಳೆ ಡೊಂಬಿವಲಿ, ನಾಡಿದ್ದು ಪುಣೆ. ಆಟ ಮುಗಿಸಿ ಬಣ್ಣ ತೆಗೆದು ಊಟ ಮಾಡುವ ಹೊತ್ತಿಗೆ ನಡುರಾತ್ರಿ ದಾಟಿರುತ್ತದೆ. ಅದೇ ಗಾಡಿ, ಅದೇ ಡ್ರೈವರ್, ಮಳೆಯಲ್ಲಿ ಘಾಟಿ ಹತ್ತಬೇಕು. ಅವರನ್ನು ಕರೆಸುವವರು ನಾವೇ, ಹೊರನಾಡ ಸಂಘಗಳವರು. ಹಾಲ್ ಬಾಡಿಗೆ ಉಳಿಯಲಿ ಎಂದು ದಿನ ಜೋಡಿಸುವವರೂ ನಾವೇ. ಅವರು ಬೇಡ ಅನ್ನುವುದಿಲ್ಲ. ಕಲಾವಿದರು ಯಾವತ್ತೂ ಬೇಡ ಅನ್ನುವುದಿಲ್ಲ.

ನಮ್ಮ ಸಂಘದ ಸಭೆಯಲ್ಲಿ ಈ ಸಲ ನಾನು ಎದ್ದು ನಿಂತು ಕೇಳಿದೆ. ಆಟದ ರಾತ್ರಿ ಎಲ್ಲರೂ ಇಲ್ಲೇ ಮಲಗಲಿ, ಡ್ರೈವರ್‌ಗೂ ಒಂದು ಹಾಸಿಗೆ ಹಾಕಿ ಅಂದೆ. ಖರ್ಚು ಜಾಸ್ತಿಯಾಗುತ್ತದೆ ಎಂದು ಒಂದಿಬ್ಬರು ಹೇಳಿದರು. ನಾವಡರ ಕ್ಯಾಸೆಟ್ ಕೇಳುತ್ತಾ ನನ್ನ ಜೊತೆ ಚಾಪೆಯ ಮೇಲೆ ಮಲಗಿದ್ದವರೊಬ್ಬರು ಅಲ್ಲಿದ್ದರು, ಈಗ ಅವರದೇ ಹೋಟೆಲ್ ಇದೆ. ಕೋಣೆ ನಾನು ಕೊಡುತ್ತೇನೆ ಅಂದರು. ಆಗಸ್ಟ್‌ನಲ್ಲಿ ತಂಡ ಬರುತ್ತದೆ. ಪುಣೆಯವರಿಗೆ ನಾನೇ ಫೋನ್ ಮಾಡಿ, ನಿಮ್ಮ ಆಟ ಒಂದು ದಿನ ಮುಂದಕ್ಕೆ ಹಾಕಿಕೊಳ್ಳಿ ಎಂದು ಕೇಳಿದ್ದೇನೆ.