ನಾಲ್ಕು ಸಲ ‘ಇನ್ನೆಷ್ಟರವರೆಗೆ?’

ಮಣ್ಣು ಮಾಡಿ ಬಂದು ಮೂರು ದಿನ ಆಗಿರುವುದಿಲ್ಲ, ಆ ಮನೆಯವರ ಬಾಯಲ್ಲಿ “ದೇವರಿಗೆ ಸ್ತೋತ್ರ” ಹೇಳಿಸಲು ನಮ್ಮ ಕ್ರೈಸ್ತ ಸಭೆಗಳಲ್ಲಿ ಅದೆಂಥ ಆತುರ! ಅತ್ತರೆ “ವಿಶ್ವಾಸ ಇಲ್ಲವಾ ನಿಮಗೆ?” ಅನ್ನುವವರು ಬೇರೆ. ನನ್ನ ಪ್ರಕಾರ ನಂಬಿಕೆ ಕಷ್ಟಕ್ಕೆ ಮುರಿಯುವುದಕ್ಕಿಂತ ಹೀಗೆ ಬಾಯಿ ಕಟ್ಟಿದಾಗ ಮುರಿಯುವುದೇ ಹೆಚ್ಚು. ಸತ್ಯವೇದ (ಬೈಬಲ್) ಯಾರ ಬಾಯನ್ನೂ ಕಟ್ಟಿಲ್ಲ. ಅದರ ಕೀರ್ತನೆಗಳು, ಅಂದರೆ ಹಾಡಿನ ರೂಪದ ಪ್ರಾರ್ಥನೆಗಳು, 150; ಅವುಗಳಲ್ಲಿ ಮೂರರಲ್ಲೊಂದು ಪಾಲಿನಷ್ಟು ಗೋಳಾಟವೇ. ಸಾಲದ್ದಕ್ಕೆ ‘ಪ್ರಲಾಪಗಳು’ ಅಂತ ಒಂದು ಪುಸ್ತಕವೇ ಇದೆ.

ಪ್ರಾರ್ಥನೆಗೆ ಬಾಯೇ ಬರುತ್ತಿಲ್ಲ ಅನ್ನುವವರು 13ನೇ ಕೀರ್ತನೆ ತೆಗೆಯಿರಿ. ಇರುವುದು ಆರೇ ವಚನ. ಮೊದಲ ಎರಡರಲ್ಲೇ ದಾವೀದ ನಾಲ್ಕು ಸಲ ‘ಇನ್ನೆಷ್ಟರವರೆಗೆ’ ಅಂತ ದೇವರನ್ನೇ ಕೇಳುತ್ತಾನೆ. ಮೂರು, ನಾಲ್ಕರಲ್ಲಿ ಬೇಡಿಕೆ. ಭರವಸೆಯ ಮಾತು ಐದಕ್ಕೆ ಬರುತ್ತದೆ, ಅದಕ್ಕೆ ಮೊದಲಲ್ಲ.

ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ಗಟ್ಟಿಯಾಗಿ ಓದಿ. ಮನಸ್ಸಿನಲ್ಲೇ ಓದಿದರೆ ಎರಡನೇ ಸಾಲಿಗೇ ಯೋಚನೆ ಎಲ್ಲೋ ಹೋಗಿರುತ್ತದೆ. ಎರಡನೇ ವಚನ ಮುಗಿದಲ್ಲಿ ನಿಲ್ಲಿಸಿ, ನಿಮ್ಮದೇ ದೂರನ್ನು ಒಂದೆರಡು ಮಾತಲ್ಲಿ ಹೇಳಿ. ನಾಜೂಕು ಬೇಡ. ನಾಲ್ಕಾದ ಮೇಲೆ ಒಂದೇ ಒಂದು ಬೇಡಿಕೆ ಇಡಿ. “ಎಲ್ಲಾ ಒಳ್ಳೇದು ಮಾಡಪ್ಪಾ” ಅಂತ ತೇಲಿಸಬೇಡಿ. ದಾವೀದ “ನನ್ನ ಕಡೆ ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು” ಅಂತ ಬಿಡಿಸಿ ಕೇಳಿದ್ದಾನೆ. ನೀವೂ “ಇವತ್ತು ರಾತ್ರಿ ನಾಲ್ಕು ಗಂಟೆ ನಿದ್ದೆ ಕೊಡು” ಅನ್ನಬಹುದು. ಐದನೇ ವಚನಕ್ಕೆ ನಾಲಿಗೆ ಏಳದಿದ್ದರೆ ಅಂದಿಗೆ ನಾಲ್ಕಕ್ಕೇ ಮುಚ್ಚಿಡಿ. ಉಳಿದೆರಡನ್ನು ನಿಮ್ಮ ಪರವಾಗಿ ಮನೆಯವರೋ ಗೆಳೆಯರೋ ಓದಲಿ. ಎಡವಟ್ಟಾಗುವುದು ಎಲ್ಲಿ ಗೊತ್ತಾ? ಮೊದಲ ನಾಲ್ಕನ್ನು ಹಾರಿಸಿ ನೇರ ಐದಕ್ಕೆ ಹೋದಾಗ. ಹೇಳದೆ ಉಳಿದ ದೂರು ಒಳಗೇ ಹುಳಿಯುತ್ತಾ ಹೋಗಿ, ಕೊನೆಗೆ ಆರಾಧನೆಗೆ ಹೋಗುವುದೇ ಬೇಡ ಅನ್ನಿಸಿಬಿಡುತ್ತದೆ.

ಇನ್ನು ನಮ್ಮ ವಾಗ್ದಾನ ವಚನಗಳು, ಅಂದರೆ ದೇವರು ಕೊಟ್ಟ ಮಾತು ಅಂತ ಕಾರ್ಡು, ಕ್ಯಾಲೆಂಡರಿಗೆ ಹಾಕುವ ವಚನಗಳು. ಯೆರೆಮೀಯ 29:11 ಇಲ್ಲದ ಕ್ಯಾಲೆಂಡರ್ ಯಾವ ಮನೆಯಲ್ಲಿದೆ ಹೇಳಿ? ಹಿತದ ಯೋಚನೆಯೇ, ಅಹಿತದ್ದಲ್ಲ, ನಿರೀಕ್ಷೆಯಿದೆ ಅನ್ನುವ ವಚನ. ಅದರ ಹಿಂದಿನ ವಚನದಲ್ಲಿ ‘ಎಪ್ಪತ್ತು ವರ್ಷ’ ಅಂತಿದೆ. ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಎರಡೇ ವರ್ಷದಲ್ಲಿ ಬಿಡುಗಡೆ ಅಂದವನು ಹನನ್ಯ. ಹಿಂದಿನ ಅಧ್ಯಾಯದಲ್ಲೇ ಅವನು ಸುಳ್ಳು ಪ್ರವಾದಿ ಅಂತ ಬಯಲಾಗಿದೆ. ಡಿಸೆಂಬರ್ 31ರ ರಾತ್ರಿ ಹೊಸ ವರ್ಷದ ವಾಗ್ದಾನ ಅಂತ ಆ ವಚನದ ಕಾರ್ಡ್ ಎತ್ತಿ, ಮಾರ್ಚ್‌ಗೆ ಕೆಲಸ ಸಿಗದಿದ್ದಾಗ ದೇವರು ಮಾತು ತಪ್ಪಿದ ಅನ್ನಿಸಿದರೆ, ತಪ್ಪು ದೇವರದ್ದೂ ಅಲ್ಲ, ಕಾರ್ಡ್ ಎತ್ತಿದವರದ್ದೂ ಅಲ್ಲ. ಒಂದೇ ವಚನ ಕತ್ತರಿಸಿ ಅಚ್ಚು ಹಾಕಿದವರದ್ದು.

“ವಿಶ್ವಾಸ ಇದ್ದರೆ ಮಾತ್ರೆ ಯಾಕೆ?” ಅನ್ನುವವರಿಗೆ ಒಂದು ಮಾತು. ಅಪೊಸ್ತಲ ಪೌಲನಿಗಿಂತ ದೊಡ್ಡ ವಿಶ್ವಾಸ ಬೇಕೆ? ಅವನು ತನ್ನ ‘ಶರೀರದ ಮುಳ್ಳಿನ’ (ಬಿಡದೆ ಕಾಡಿದ ಬಾಧೆಯ) ಬಗ್ಗೆ ಮೂರು ಸಾರಿ ಬೇಡಿಕೊಂಡ, ಮುಳ್ಳು ಹೋಗಲಿಲ್ಲ. ಜೊತೆಗಾರ ತ್ರೊಫಿಮನನ್ನು ಮಿಲೇತ ಊರಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದ. ಶಿಷ್ಯ ತಿಮೊಥೆಯನಿಗೆ, ನಿನ್ನ ಹೊಟ್ಟೆಗೆ ಸ್ವಲ್ಪ ದ್ರಾಕ್ಷಾರಸ ತಗೊ ಅಂದ. ಸಕ್ಕರೆ ಕಾಯಿಲೆ, ಬಿಪಿ, ಫಿಟ್ಸ್, ಖಿನ್ನತೆಯ ಮಾತ್ರೆಗಳನ್ನು ವೇದಿಕೆಯ ಮಾತು ಕೇಳಿ ಥಟ್ಟನೆ ನಿಲ್ಲಿಸುವುದು ಅಪಾಯ. ಡೋಸ್ ಇಳಿಸುವುದಾದರೂ ಡಾಕ್ಟರನ್ನೇ ಕೇಳಿ. ಇಷ್ಟು ಸಾವಿರ ಕಾಣಿಕೆ ಹಾಕಿದರೆ ಕಷ್ಟ ಹೋಗುತ್ತದೆ ಅನ್ನುವವರ ಬಗ್ಗೆ ಬರೆಯುವುದೂ ದಂಡ.

ದುಃಖದ ಮನೆಗೆ ಹೋಗುವವರು, ಮಕ್ಕಳು, ಆಸ್ತಿ ಎಲ್ಲಾ ಕಳಕೊಂಡ ಯೋಬನ ಗೆಳೆಯರನ್ನು ಅರ್ಧ ಮಾತ್ರ ಅನುಸರಿಸಿ. ಮೊದಲ ಏಳು ದಿನ ಮಾತಿಲ್ಲದೆ ಅವನೊಂದಿಗೆ ನೆಲದ ಮೇಲೆ ಕೂತರಲ್ಲ, ಅಷ್ಟೇ. ಬಾಯಿ ತೆರೆದ ಮೇಲೆ ಹೇಳಿದ್ದು ಒಂದೇ, “ನೀನೇನೋ ಪಾಪ ಮಾಡಿದ್ದೀಯ”. ಯೋಬನ ಪುಸ್ತಕದ 42ನೇ ಅಧ್ಯಾಯದಲ್ಲಿ ದೇವರು ಸಿಟ್ಟಾದದ್ದು ಕೂಗಾಡಿದ ಯೋಬನ ಮೇಲಲ್ಲ, ಈ ಉಪದೇಶಕರ ಮೇಲೆ. ಸಾಯಬೇಕು ಅಂತ ಗಿಡದ ಕೆಳಗೆ ಬಿದ್ದುಕೊಂಡ ಪ್ರವಾದಿ ಎಲೀಯನಿಗೆ ದೇವದೂತ ಪ್ರಸಂಗ ಮಾಡಲಿಲ್ಲ. ಕೆಂಡದ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ಎಬ್ಬಿಸಿ ಮತ್ತೆ ಉಣ್ಣಿಸಿದ. ದೇವರು ಅವನೊಂದಿಗೆ ಮಾತಾಡಿದ್ದು ಹೋರೇಬ್ ಬೆಟ್ಟಕ್ಕೆ ಹೋದ ಮೇಲೆ, ನಲವತ್ತು ದಿನ ಕಳೆದು. ಆದ್ದರಿಂದ ಮೊದಲ ವಾರ ಎರಡು ತಾಸಿನ ಕೂಟ ಇಡುವ ಬದಲು ಅನ್ನ-ಸಾರು ತಗೊಂಡು ಹೋಗಿ, ಒಂದು ಕೀರ್ತನೆ ಓದಿ, ಹತ್ತು ನಿಮಿಷಕ್ಕೆ ಎದ್ದು ಬನ್ನಿ. ಮೂರನೇ ತಿಂಗಳು ಮರೆಯದೆ ಮತ್ತೆ ಹೋಗಿ. ಅಷ್ಟು ಹೊತ್ತಿಗೆ ಬರುವವರು ನಿಂತಿರುತ್ತಾರೆ, ಪೆನ್ಷನ್ ಕಾಗದ, ಬ್ಯಾಂಕ್ ಓಡಾಟ ನಿಂತಿರುವುದಿಲ್ಲ.

ಶುಭ ಶುಕ್ರವಾರ ಮಧ್ಯಾಹ್ನ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಧ್ಯಾನಿಸುತ್ತೇವೆ. ನಾಲ್ಕನೆಯದು “ಏಲೀ, ಏಲೀ, ಲಮಾ ಸಬಕ್ತಾನೀ”, ಅಂದರೆ 22ನೇ ಕೀರ್ತನೆಯ ಮೊದಲ ಸಾಲು. ಯಾಕೆ ನನ್ನ ಕೈ ಬಿಟ್ಟೆ ಅಂತ ಯೇಸುವೇ ಕೇಳಿದ್ದನ್ನು ಅದೇ ಬೆಂಚಿನಲ್ಲಿ ಕೂತ ವಿಧವೆ ಕೇಳಿದರೆ ನಾವು ಕಣ್ಣರಳಿಸುತ್ತೇವೆ.

88ನೇ ಕೀರ್ತನೆಯಲ್ಲಂತೂ 13ರಲ್ಲಿರುವಂಥ ಭರವಸೆಯ ತಿರುವು ಕೊನೆಗೂ ಇಲ್ಲ. 18 ವಚನ, ಮುಗಿಯುವುದೂ ಕತ್ತಲಲ್ಲೇ. ಅದರ ತಲೆಬರಹ ನೋಡಿ: ಕೋರಹೀಯರದು, ಅಂದರೆ ದೇವಾಲಯದ ಗಾಯಕರದು. ಒಬ್ಬೊಬ್ಬರೇ ಕೋಣೆಯಲ್ಲಿ ಓದಲಿ ಅಂತ ಇಟ್ಟದ್ದಲ್ಲ, ಸಭೆಯಲ್ಲಿ ಹಾಡಲಿ ಅಂತ. ನಿಮ್ಮ ಸಭೆಯಲ್ಲಿ ಅದನ್ನು ಯಾವ ಭಾನುವಾರ ಓದಿದ್ದಾರೆ, ನೆನಪಿದ್ದರೆ ಕಮೆಂಟಿನಲ್ಲಿ ಹೇಳಿ.